ಲಂಡನ್ನಿನ ಶುಂಗಾ ಪ್ರದರ್ಶನ: ಒಂದು ಪ್ರತಿಕ್ರಿಯೆ

ವಿದೇಶಗಳಲ್ಲಿ ನಡೆಯುವ ಜಪಾನೀ ಕಲಾಪ್ರದರ್ಶನಗಳೂ ವಿಚಾರಸಂಕಿರಣಗಳೂ ಜಪಾನಿನ ಸರ್ಕಾರಿ ಪ್ರಚಾರವಷ್ಟೇ ಎಂದು ಲೇಖನವೊಂದು ಸಾರಿರುವುದು 2013ರ ಲಂಡನ್ನನ್ನು ಪೂರ್ತಿ ಮರೆತ ಮಾತು. ಅಂದು ಬ್ರಿಟಿಷ್ ಮ್ಯೂಸಿಯಂ ಪ್ರದರ್ಶಿಸಿದ ಶುಂಗಾ, ಅಂದರೆ ಮುಖ್ಯವಾಗಿ ಎದೊ ಕಾಲದಲ್ಲಿ (1603–1868) ಉತಾಮಾರೊ, ಹೊಕುಸಾಯ್ ಅವರಂಥ ಶ್ರೇಷ್ಠರೂ ರಚಿಸಿದ, ಹಾಸ್ಯವೂ ಕೋಮಲತೆಯೂ ಬೆರೆತ ಶೃಂಗಾರಚಿತ್ರಗಳು, 20ನೆಯ ಶತಮಾನದ ಬಹುಭಾಗ ಜಪಾನಿನಲ್ಲೇ ಬಹಿರಂಗವಾಗಿ ತೋರಿಸಲಾಗದಂಥವಾಗಿದ್ದವು. ಇಂಥ ವಸ್ತುವನ್ನು ಯಾವ ಪ್ರಚಾರ ಇಲಾಖೆಯೂ ಆರಿಸಿಕೊಳ್ಳುವುದಿಲ್ಲ. ಬ್ರಿಟನ್ ಮತ್ತು ಜಪಾನಿನ ವಿದ್ವಾಂಸರು ಕೂಡಿ ವರ್ಷಗಟ್ಟಲೆ ನಡೆಸಿದ ಸಂಶೋಧನೆಯೇ ಆ ಪ್ರದರ್ಶನದ ತಳಹದಿಯಾಗಿತ್ತು. ಬಳಿಕ ಜಪಾನಿನ ಹಲವು ಸಂಗ್ರಹಾಲಯಗಳು ಇಂಥ ಪ್ರದರ್ಶನಕ್ಕೆ ಹಿಂಜರಿದವು. ಕಡೆಗೆ 2015ರಲ್ಲಿ ಟೋಕಿಯೊದ ಪುಟ್ಟ ಎಯ್ಸೇ ಬುಂಕೊ ಸಂಗ್ರಹಾಲಯ ಅದಕ್ಕೆ ಬಾಗಿಲು ತೆರೆದಾಗ ಸುಮಾರು 2 ಲಕ್ಷ ಜನ ಬಂದು ನೋಡಿದರು.