ಹಡಗು ನಮ್ಮಪ್ಪನ್ನ ಕಾಯಲಿಲ್ಲ

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಜಗಳ ನನ್ನಂಥವರ ಜೊತೆಗೇ. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತು, ಫೋನಿನಲ್ಲಿ ನಾಲ್ಕು ಆಪ್ ತೆರೆದು, ಊರಲ್ಲಿರುವ ಅಪ್ಪ-ಅವ್ವನ ಪ್ರವಾಸವನ್ನು ಹದಿನೈದು ನಿಮಿಷದಲ್ಲಿ 'ಪ್ಲ್ಯಾನ್' ಮಾಡಿ ಮುಗಿಸ್ತೀವಲ್ಲ, ನಮ್ಮೆಲ್ಲರ ಜೊತೆಗೆ. ನನ್ನ ವಾದ ಇಷ್ಟೇ: ಹಡಗು ಹತ್ತುವುದಿದ್ದರೆ ಹಿಂದಿನ ದಿನವೇ ಆ ಊರು ಸೇರಿ, ರಾತ್ರಿ ಅಲ್ಲೇ ಮಲಗಬೇಕು. ಅಷ್ಟಕ್ಕೆ ರಜೆ ಇಲ್ಲ, ದುಡ್ಡಿಲ್ಲ ಅನ್ನುವವರು ಹಡಗಿನ ಟಿಕೆಟ್ ತೆಗೆಸುವುದೇ ಬೇಡ.

ನಮ್ಮಪ್ಪ ಬಸವಕಲ್ಯಾಣ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಮಾಸ್ತರಾಗಿದ್ದವರು. ಗೋಡೆಗೆ ನೇತುಹಾಕಿದ ಭಾರತದ ನಕ್ಷೆಯ ಮೇಲೆ ಕೋಲಿಟ್ಟು 'ಇದು ಅರಬ್ಬಿ ಸಮುದ್ರ' ಅಂತ ಎಷ್ಟು ಸಾವಿರ ಮಕ್ಕಳಿಗೆ ತೋರಿಸಿದ್ದಾರೋ ಲೆಕ್ಕವಿಲ್ಲ. ಸಮುದ್ರವನ್ನು ಖುದ್ದು ನೋಡಿದ್ದು ಮಾತ್ರ ಒಮ್ಮೆ, ಗೋಕರ್ಣದಲ್ಲಿ, ಅದೂ ದಡದಿಂದ. ಹಡಗಿನಲ್ಲಿ ಒಂದು ರಾತ್ರಿ ಕಳೆಸಬೇಕು ಅಂತ ನನಗೆ ಆಸೆ. ಮುಂಬೈನಿಂದ ಹೊರಡುವ ಎರಡು ರಾತ್ರಿಯ ಕ್ರೂಸಿಗೆ ಮೂರು ಜನರ ಟಿಕೆಟ್ ತೆಗೆಸಿದೆ. ಬೋನಸ್ ಬಂದಿತ್ತು, ಧಾರಾಳವಾಗಿದ್ದೆ.

ಪ್ಲ್ಯಾನ್ ಹೀಗಿತ್ತು. ಅಪ್ಪ-ಅವ್ವ ರಾತ್ರಿ ಹೆದ್ದಾರಿ ಮೇಲಿನ ಸಸ್ತಾಪುರ ಬಂಗ್ಲಾದಲ್ಲಿ ಸ್ಲೀಪರ್ ಬಸ್ ಹತ್ತುವುದು, ಬೆಳಿಗ್ಗೆ ಒಂಬತ್ತೂವರೆಗೆ ಮುಂಬೈ. ನಾನು ಅವತ್ತೇ ಬೆಳಿಗ್ಗೆ ಬೆಂಗಳೂರಿನಿಂದ ವಿಮಾನದಲ್ಲಿ. ಹಡಗಿನ ಕೌಂಟರ್ ಮುಚ್ಚುವುದು ಮಧ್ಯಾಹ್ನ ಎರಡಕ್ಕೆ, ಹಡಗು ಬಿಡುವುದು ನಾಲ್ಕಕ್ಕೆ. ನಾಲ್ಕೂವರೆ ತಾಸಿನ ಬಫರ್! ಎಕ್ಸೆಲ್ ಶೀಟಿನಲ್ಲಿ ಆ ಸಾಲಿಗೆ ಹಸಿರು ಬಣ್ಣ ಬಳಿದಿದ್ದೆ. ಒಂದು ದಿನದ ರಜೆ ಉಳೀತು, ಎರಡು ರೂಮಿನ ಬಾಡಿಗೆ ಉಳೀತು ಅಂತ ಒಳಗೊಳಗೇ ಬೀಗಿದ್ದೆ.

ಬಸ್ಸು ಹುಮನಾಬಾದ್ ದಾಟಿ ಬಂಗ್ಲಾಕ್ಕೆ ಬಂದದ್ದೇ ಎರಡು ತಾಸು ತಡವಾಗಿ. ಡಿಸೆಂಬರ್ ಚಳಿಯಲ್ಲಿ ಇಬ್ಬರೂ ರಸ್ತೆ ಪಕ್ಕದ ಚಹಾದಂಗಡಿ ಬಾಕಿನ ಮೇಲೆ ಕೂತಿದ್ದರು. ನಾನು ಬುಕ್ ಮಾಡಿದ್ದು ಮೇಲಿನ ಬರ್ತು, ಕೆಳಗಿನವು ಖಾಲಿ ಇರಲಿಲ್ಲ. ಮೊಣಕಾಲು ನೋವಿನ ಅವ್ವನನ್ನು ಕ್ಲೀನರ್ ಹುಡುಗ ಮತ್ತು ಅಪ್ಪ ಸೇರಿ ಎತ್ತಿ ಹತ್ತಿಸಿದರಂತೆ. ಸೊಲ್ಲಾಪುರ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಬೆಳಿಗ್ಗೆ ಖಂಡಾಲಾ ಘಾಟಿನಲ್ಲಿ ವಾರಾಂತ್ಯದ ಕಾರುಗಳ ಸಾಲು. ನಾನು ಅಷ್ಟು ಹೊತ್ತಿಗೆ ಬಲ್ಲಾರ್ಡ್ ಪಿಯರಿನ ಟರ್ಮಿನಲ್ಲಿನಲ್ಲಿ ಎಸಿ ಕೆಳಗೆ, ಮೂರೂ ಜನರ ಬೋರ್ಡಿಂಗ್ ಪಾಸ್ ಹಿಡಿದು ಕೂತಿದ್ದೆ. ಗಮನಿಸಿ, ನನ್ನ ಪ್ಲ್ಯಾನ್ ನನ್ನ ಮಟ್ಟಿಗೆ ಸರಿಯಾಗೇ ಕೆಲಸ ಮಾಡಿತ್ತು.

ಅವರು ಗೇಟಿಗೆ ಬಂದಾಗ ಎರಡು ಐವತ್ತು. ಕೌಂಟರಿನ ಹುಡುಗ ಒರಟಾಗೇನೂ ಇರಲಿಲ್ಲ. ಪಟ್ಟಿ ಮುಚ್ಚಿ ಆಗಿದೆ, ನನ್ನ ಕೈಯಲ್ಲಿ ಏನೂ ಇಲ್ಲ ಅಂದ. ನಾನು ಇಂಗ್ಲಿಷಿನಲ್ಲಿ ಕೂಗಾಡಿದೆ, ಹಿಂದಿಯಲ್ಲಿ ಬೇಡಿಕೊಂಡೆ. ಅಪ್ಪ ಹಿಂದೆ ನಿಂತು ಹಡಗನ್ನೇ ನೋಡುತ್ತಿದ್ದರು. ಮೆಲ್ಲಗೆ ಕೇಳಿದರು: "ಹಡಗ ಇನ್ನಾ ಇಲ್ಲೇ ನಿಂತದಲ್ಲೋ ತಮ್ಮಾ?"

ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಅವ್ವ ಮಾತ್ರ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, "ಹೋಗ್ಲಿ ಬಿಡಪಾ, ನೋಡಿದ್ವಿ ಅಲ್ಲಾ, ಭಾಳ ದೊಡ್ಡದದ" ಅಂದಳು.

ಎಪ್ಪತ್ತು ಸಾವಿರಕ್ಕೂ ಹೆಚ್ಚು ದುಡ್ಡು ಹೋಯಿತು. ತಡವಾಗಿ ಬಂದವರು 'ಬಾರದವರು' ಎಂದೇ ಲೆಕ್ಕ, ಒಂದು ರೂಪಾಯಿ ವಾಪಸಿಲ್ಲ. ನಾನು ಉಳಿಸಿದ್ದು ಐದಾರು ಸಾವಿರದ ರೂಮ್ ಬಾಡಿಗೆ. ಆದರೆ ನನ್ನ ಸಿಟ್ಟು ದುಡ್ಡಿನದಲ್ಲ. ಹಡಗಿನವರ ಮೇಲೂ ಅಲ್ಲ. ಮೊದಲು ಅವರ ಕಡೆಯ ನ್ಯಾಯ ಹೇಳ್ತೀನಿ.

ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು, ರೈಲು ತಪ್ಪಿದರೆ ಸಂಜೆಗೆ ಇನ್ನೊಂದು ರೈಲು. ಹಡಗಿಗೆ ಇನ್ನೊಂದಿಲ್ಲ. ಹೊರಡುವ ಮೊದಲು ಹಡಗಿನಲ್ಲಿ ಯಾರ್‍ಯಾರಿದ್ದಾರೆ ಎನ್ನುವ ಪಟ್ಟಿ ಮುಗಿಯಬೇಕು, ಸಾಮಾನು ತಪಾಸಣೆಯಾಗಬೇಕು, ಎಲ್ಲರಿಗೂ ಸುರಕ್ಷತೆಯ ಕವಾಯತು ಆಗಬೇಕು. ಬಂದರಿನ ಪೈಲಟ್ ಹತ್ತಿ, ಕೊಟ್ಟ ಸಮಯಕ್ಕೆ ಹಡಗನ್ನು ಹೊರಗೆ ತರಬೇಕು. ಇಬ್ಬರಿಗಾಗಿ ಸಾವಿರಾರು ಜನರನ್ನು ನಿಲ್ಲಿಸಲಾಗದು. ಮುಂದಿನ ಬಂದರಿಗೆ ಹೋಗಿ ಹತ್ತಿಕೊಳ್ತೀವಿ ಅಂದರೆ ಅದಕ್ಕೂ ಮೊದಲೇ ಒಪ್ಪಿಗೆ ಬೇಕು, ಎರಡು ರಾತ್ರಿಯ ಸುತ್ತಿನಲ್ಲಿ ಕೆಲವೊಮ್ಮೆ ಮುಂದಿನ ಬಂದರೇ ಇರುವುದಿಲ್ಲ. ಇದೆಲ್ಲ ಟಿಕೆಟ್ಟಿನ ಷರತ್ತುಗಳಲ್ಲಿ ಸಣ್ಣಕ್ಷರದಲ್ಲಿ ಇತ್ತು. 'ಒಪ್ಪಿದ್ದೇನೆ' ಅಂತ ಒತ್ತಿದವನು ನಾನೇ.

ಸಿಟ್ಟು ಇರುವುದು 'ಎರಡು ರಾತ್ರಿಯ ಪ್ರವಾಸ' ಎನ್ನುವ ಆ ಮಾತಿನ ಮೇಲೆ. ಯಾರಿಗೆ ಎರಡು ರಾತ್ರಿ? ದಾದರ್‌ನಲ್ಲಿ ಮನೆ ಇರುವವನಿಗೆ. ಬಸವಕಲ್ಯಾಣದಿಂದ ಮುಂಬೈ ಐನೂರು ಕಿಲೋಮೀಟರಿಗೂ ಮೇಲೆ. ಹೋಗುವ ದಾರಿ, ಹಿಂದಿನ ರಾತ್ರಿಯ ವಸತಿ, ಸಮುದ್ರದ ಎರಡು ರಾತ್ರಿ, ವಾಪಸು ದಾರಿ ಎಲ್ಲ ಕೂಡಿದರೆ ಅದು ನಾಲ್ಕೈದು ರಾತ್ರಿಯ ಪ್ರವಾಸ. ಜಾಹೀರಾತು ಈ ಲೆಕ್ಕ ಹೇಳುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಹೇಳಬೇಕಾದವನು ಊರಿನ ದಾರಿ ಗೊತ್ತಿರುವ ಮಗ. ಆದರೆ ನಾನು ಊರು ಬಿಟ್ಟು ಹನ್ನೆರಡು ವರ್ಷದಲ್ಲಿ ಊರಿನ ದೂರವನ್ನೇ ಮರೆತಿದ್ದೆ. ವಿಮಾನ ನಿಲ್ದಾಣಕ್ಕೆ ಕ್ಯಾಬ್ ಸಿಗುವ ಊರಿನಲ್ಲಿದ್ದುಕೊಂಡು, ರೈಲು ನಿಲ್ದಾಣವೇ ಇಲ್ಲದ ಊರಿನವರಿಗೆ ವೇಳಾಪಟ್ಟಿ ಬರೆದಿದ್ದೆ.

ಹೌದು, ಚಾಲುಕ್ಯರ ರಾಜಧಾನಿಯಾಗಿದ್ದ, ಶರಣರ ಕಲ್ಯಾಣವಾಗಿದ್ದ ಊರಿಗೆ ಇವತ್ತಿಗೂ ರೈಲಿಲ್ಲ. ಪಕ್ಕದ ಹುಮನಾಬಾದಿಗೆ ಇದೆ. ಬೀದರ್-ಕಲಬುರಗಿ ಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ಕ್ಕೆ. ಹಾಗಾಗಿ ನಮ್ಮ ಕಡೆಯವರಿಗೆ ಮುಂಬೈ ದಾರಿ ಅಂದರೆ ಎಲ್ಲೋ ಒಂದು ಕಡೆ ಇಳಿದು ಇನ್ನೊಂದು ಹತ್ತುವ ದಾರಿಯೇ. ಹಾಗೆ ಇಳಿದು ಹತ್ತುವ ಪ್ರತಿ ಜಾಗವೂ ತಡವಾಗುವ ಜಾಗ. ನಿಮ್ಮ ಆಪ್ ಅದನ್ನೆಲ್ಲ ನುಂಗಿ ಒಂದೇ ಗೆರೆ ಎಳೆದು ತೋರಿಸ್ತದೆ.

ಇನ್ನು ನಿಮ್ಮ ತಕರಾರುಗಳಿಗೆ ಬರ್ತೀನಿ. ಎಲ್ಲವೂ ನನಗೆ ಬಾಯಿಪಾಠ, ಯಾಕಂದರೆ ಒಂದೊಂದನ್ನೂ ನಾನೇ ಹೇಳಿದ್ದೆ.

"ಒಂದು ದಿನ ರಜೆ ಜಾಸ್ತಿ ಆಗುತ್ತೆ." ಆಫೀಸಿನಲ್ಲಿ ರಿಲೀಸ್ ಇದ್ದರೆ ಏನು ಮಾಡ್ತೀವಿ? ಹಿಂದಿನ ದಿನವೇ ಕೋಡ್ ಫ್ರೀಜ್. ಏನಾದರೂ ಕೆಟ್ಟರೆ ಹಿಂದಕ್ಕೆ ತರುವ ದಾರಿ ಬರೆದಿಡ್ತೀವಿ. ಯಾವುದೋ ಕಂಪನಿಯ ಸರ್ವರಿಗೆ ಕೊಡುವ ಈ ಗೌರವವನ್ನು ಮೊಣಕಾಲು ನೋವಿನ ಅವ್ವನಿಗೆ ಕೊಡೋದಿಲ್ಲ ಅಂದರೆ, ಕೊರತೆ ರಜೆಯದ್ದಲ್ಲ.

"ನಾನು ಯಾವಾಗಲೂ ಹೀಗೇ ಹೋಗೋದು, ಏನೂ ಆಗಲ್ಲ." ನೀವು ಇಪ್ಪತ್ತೆಂಟರವರು, ಹೆಗಲಿಗೊಂದು ಬ್ಯಾಗು. ತಪ್ಪಿದರೆ ಸ್ಟೇಟಸ್ ಹಾಕಿ ನಗ್ತೀರಿ. ಅರವತ್ತೆಂಟರ ಮನುಷ್ಯನಿಗೆ ಅದು 'ನಾವು ಇಂಥಾದ್ದಕ್ಕೆಲ್ಲ ತಕ್ಕವರಲ್ಲ' ಅನ್ನೋ ತೀರ್ಪು. ಬಸ್ಸು ಕೆಡೋದು ನಿಮ್ಮ ಕೈಯಲ್ಲಿಲ್ಲ, ನಿಜ. ಕೆಟ್ಟರೂ ನಡೆಯುವಂತೆ ಇಡುವುದು ನಿಮ್ಮ ಕೈಯಲ್ಲಿದೆ.

"ಕಲ್ಯಾಣದಲ್ಲಿ ಮಾಮಾ ಇದಾರಲ್ಲ, ರೂಮ್ ಯಾಕೆ?" ನಮ್ಮ ಕಲ್ಯಾಣದಿಂದ ಹೊರಟು ಮುಂಬೈನ ಕಲ್ಯಾಣದಲ್ಲಿ ಉಳಿಯೋದು, ಕೇಳೋಕೆ ಚೆಂದ. ಆದರೆ ಆ ಕಲ್ಯಾಣದಿಂದ ಸಿಎಸ್ಎಂಟಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ಲೋಕಲ್ ರೈಲಿನ ದಾರಿ. ಭಾನುವಾರವಾದರೆ ಮೆಗಾಬ್ಲಾಕ್. ಸೂಟ್‌ಕೇಸು ಹಿಡಿದ ವಯಸ್ಸಾದವರನ್ನು ಆ ನೂಕಾಟಕ್ಕೆ ಹತ್ತಿಸಿ ನೋಡಿ. ಮಾಮನ ಮನೆಗೆ ವಾಪಸು ಬರುವಾಗ ಹೋಗಿ, ಎರಡು ದಿನ ಇರಿ, ಫೋಟೋ ತೋರಿಸಿ. ಹತ್ತುವ ಹಿಂದಿನ ರಾತ್ರಿ ಮಾತ್ರ ಬಂದರಿನ ಹತ್ತಿರ. ನವಿ ಮುಂಬೈಯಲ್ಲಿ ಸಾವಿರ ರೂಪಾಯಿ ಕಡಿಮೆಗೆ ಸಿಗೋ ರೂಮಿಗೂ ಇದೇ ಮಾತು.

"ಹೈದರಾಬಾದಿನಿಂದ ಬೆಳಗಿನ ವಿಮಾನ ಹಿಡಿದರೆ?" ಹುಮನಾಬಾದಿನಿಂದ ಆ ವಿಮಾನ ನಿಲ್ದಾಣಕ್ಕೆ ಮೂರು-ನಾಲ್ಕು ತಾಸು. ಅಂದರೆ ಮಧ್ಯರಾತ್ರಿ ಮನೆ ಬಿಡಬೇಕು. ಆಮೇಲೆ ಮುಂಬೈ ನಿಲ್ದಾಣದಿಂದ ಊರಿನ ಆ ತುದಿಗೆ ಟ್ಯಾಕ್ಸಿ. ವಿಮಾನದಲ್ಲೇ ಹೋಗಿ, ಆದರೆ ಹಿಂದಿನ ದಿನ ಹೋಗಿ.

ಬೈದವನು ದಾರಿಯನ್ನೂ ಹೇಳಬೇಕು. ನಮ್ಮ ಕಡೆಯಿಂದ ಒಳ್ಳೆಯದು ರೈಲು. ಸೊಲ್ಲಾಪುರದಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಬೆಳಗಾಗುವಾಗ ಮುಂಬೈಯಲ್ಲಿರ್ತದೆ. 2023ರ ಫೆಬ್ರವರಿಯಿಂದ ವಂದೇ ಭಾರತ್ ಇದೆ, ಬೆಳಿಗ್ಗೆ ಆರರ ಸುಮಾರಿಗೆ ಸೊಲ್ಲಾಪುರ ಬಿಟ್ಟು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸಿಎಸ್ಎಂಟಿ. ವಾರಕ್ಕೊಂದು ದಿನ ಓಡುವುದಿಲ್ಲ, ನೋಡಿಕೊಳ್ಳಿ. ಹುಮನಾಬಾದಿನವರು ಕಲಬುರಗಿಗೆ ಹೋದರೆ ಉದ್ಯಾನ್, ಹುಸೇನ್ ಸಾಗರ್ ಎಕ್ಸ್‌ಪ್ರೆಸ್‌ಗಳು ಸಿಗ್ತವೆ. ಇವೆಲ್ಲ ಕೊನೆಗೆ ನಿಲ್ಲುವುದು ಸಿಎಸ್ಎಂಟಿಯಲ್ಲಿ, ಅಲ್ಲಿಂದ ಬಲ್ಲಾರ್ಡ್ ಪಿಯರ್ ಒಂದೆರಡು ಕಿಲೋಮೀಟರಿನೊಳಗೆ. ಟ್ಯಾಕ್ಸಿಗೆ ಹತ್ತು ನಿಮಿಷ. ಫೋರ್ಟ್ ಸುತ್ತಮುತ್ತ ಲಾಡ್ಜುಗಳಿವೆ. ಪಿಎನ್ಆರ್ ಇದ್ದವರು ರೈಲ್ವೆಯ ರಿಟೈರಿಂಗ್ ರೂಮನ್ನೂ ಆನ್‌ಲೈನಿನಲ್ಲಿ ಹಿಡಿಯಬಹುದು. ಆಧಾರ್ ಕಾರ್ಡು, ಬೋರ್ಡಿಂಗ್ ಪಾಸು, ಮಾತ್ರೆ ಪಟ್ಟಣ ಕೈಚೀಲದಲ್ಲಿರಲಿ, ದೊಡ್ಡ ಬ್ಯಾಗು ಹಡಗಿನವರ ಕೈಗೆ ಹೋದರೆ ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಸಂಜೆಯಾಗಬಹುದು. ಹಡಗು ವಿದೇಶದ ಬಂದರಿಗೆ ಹೋಗುವುದಾದರೆ ಪಾಸ್‌ಪೋರ್ಟು ಬೇಕೇ ಬೇಕು.

ಒಂದು ವಿನಾಯಿತಿ ಒಪ್ತೀನಿ. ಸಿದ್ಧೇಶ್ವರದಲ್ಲಿ ಅದೇ ದಿನ ಬೆಳಿಗ್ಗೆ ಇಳಿದರೂ ಹಡಗು ಸಿಗುವ ಸಾಧ್ಯತೆ ಹೆಚ್ಚು. ಆದರೆ ಇಳಿದ ಮೇಲೆ ಮಧ್ಯಾಹ್ನದ ತನಕ ಅವರು ಸ್ನಾನ ಎಲ್ಲಿ ಮಾಡಬೇಕು, ಕಾಲು ಎಲ್ಲಿ ಚಾಚಬೇಕು? ಹಿಂದಿನ ರಾತ್ರಿಯ ರೂಮು ಗಡಿಯಾರಕ್ಕಷ್ಟೇ ಅಲ್ಲ, ದೇಹಕ್ಕೂ ಬೇಕು. ನಿದ್ದೆಗೆಟ್ಟು ಹಡಗು ಹತ್ತಿದವರು ಮೊದಲ ಸಂಜೆ ಕ್ಯಾಬಿನ್ನಿನಲ್ಲಿ ಮಲಗಿಬಿಡ್ತಾರೆ. ದುಡ್ಡು ಕೊಟ್ಟಿದ್ದೇ ಆ ಸೂರ್ಯಾಸ್ತಕ್ಕೆ.

ಒಂದು ಕಾಲಕ್ಕೆ ಇದೇ ಬಲ್ಲಾರ್ಡ್ ಪಿಯರಿಗೆ ರೈಲೇ ಬರ್ತಿತ್ತು. 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್, ವಿಲಾಯಿತಿಯಿಂದ ಹಡಗಿನಲ್ಲಿ ಬಂದಿಳಿದ ಸಾಹೇಬರನ್ನು ಕಟ್ಟೆಯಿಂದಲೇ ಹತ್ತಿಸಿಕೊಂಡು ಪೇಶಾವರದ ಕಡೆ ಹೋಗ್ತಿತ್ತು. ಹಡಗಿನ ಸಮಯಕ್ಕೆ ರೈಲಿನ ಸಮಯ ಹೊಂದಿಸಲು ಅವರಿಗೆ ಒಂದು ಸಾಮ್ರಾಜ್ಯವೇ ಇತ್ತು. ನಮ್ಮ ಬಸ್ಸನ್ನೂ ಹಡಗನ್ನೂ ಹೊಂದಿಸುವವರು ಯಾರೂ ಇಲ್ಲ. ಆ ಗಂಟು ಹಾಕಬೇಕಾದವರು ನಾವೇ, ಹಾಕಲಿಕ್ಕೆ ನಮ್ಮ ಹತ್ತಿರ ಇರುವ ದಾರ ಒಂದು ರಾತ್ರಿ ಮಾತ್ರ.

ತಮಾಷೆ ಅಂದರೆ ಇದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಿರಲಿಲ್ಲ. ಮಾಣಿಕನಗರದ ದತ್ತ ಜಯಂತಿಗೋ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೋ ಹೊರಟವರು ತೇರಿನ ಹೊತ್ತಿಗೆ ಓಡಿ ಬರ್ತಿರಲಿಲ್ಲ, ಹಿಂದಿನ ದಿನವೇ ಬಂದು ಗಂಟು ಬಿಚ್ಚಿ ಮಲಗ್ತಿದ್ದರು. ಮದುವೆ ಅಂದರೆ ಹಿಂದಿನ ರಾತ್ರಿಯ ಊಟಕ್ಕೇ ಹಾಜರು. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕಾರಿನಿಂದ ಇಳಿಯೋ ಚಾಳಿ ನಮ್ಮದು. ಅಪ್ಪ ಅವತ್ತೂ ಫೋನಿನಲ್ಲಿ ಹೇಳಿದ್ದರು, "ಒಂದಿನ ಮೊದ್ಲ ಹೋದ್ರ ಹ್ಯಾಂಗ?" ಅಂತ. "ಬೇಡಪ್ಪಾ, ವೇಸ್ಟು" ಅಂದಿದ್ದೆ. ಆ 'ವೇಸ್ಟು' ಎನ್ನುವ ಪದವನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದಿದ್ದರೆ ಎಪ್ಪತ್ತು ಸಾವಿರ ಹೋದದ್ದಕ್ಕೆ ಚಿಂತೆ ಮಾಡ್ತಿರಲಿಲ್ಲ.

ಮತ್ತೆ ಟಿಕೆಟ್ ತೆಗೆಸ್ತೀನಿ ಅಂದಾಗಲೆಲ್ಲ ಅಪ್ಪ "ಆತು ಬಿಡೋ, ನೋಡಮು" ಅಂತ ಮಾತು ಮರೆಸ್ತಾರೆ. ಇನ್ನೂ ಹೂಂ ಅಂದಿಲ್ಲ. ಆದರೆ ಹೋದ ವಾರ ತಾವಾಗೇ ಫೋನ್ ಮಾಡಿ, ಅದೂ ಇದೂ ಮಾತಾಡಿ, ಇಡುವಾಗ ಕೇಳಿದರು: "ಸೊಲ್ಲಾಪುರದಿಂದ ಆ ಹೊಸಾ ರೈಲು ಎಷ್ಟಕ್ಕ ಬಿಡ್ತದೋ?"

"ಮುಂಜಾನಿ ಆರಕ್ಕಪ್ಪಾ" ಅಂದೆ. "ಆದ್ರ ನಾವು ಒಂದಿನ ಮೊದ್ಲೇ ಹೋಗಮು."