ಜಿಬಿ ನೋಡಿ ಕಾರ್ಡ್ ಕೊಳ್ಳಬೇಡಿ

ಮದುವೆ ಸೀಸನ್ ಬಂದರೆ ನಮ್ಮೂರ ಫೋಟೋಗ್ರಾಫರ್‌ಗಳು ಅಂಗಡಿಯಲ್ಲಿ ಕೇಳುವುದು ಒಂದೇ: 'ಎಷ್ಟು ಜಿಬಿ, ಎಷ್ಟು ರೂಪಾಯಿ?' ಈ ಪ್ರಶ್ನೆಯೇ ತಪ್ಪು. ಜಿಬಿ ಹೇಳುವುದು ಜಾಗ, ವೇಗವಲ್ಲ. ಕಾರ್ಡಿನ ಮೇಲೆ ದಪ್ಪಗೆ ಅಚ್ಚಾದ '170 ಎಂಬಿ' ಸಾಮಾನ್ಯವಾಗಿ ಓದುವ ವೇಗ. ವಿಡಿಯೋಗೆ ಬೇಕಾದ್ದು ಬರೆಯುವ ವೇಗ. ಕ್ಲಾಸ್ 10 ಕಾರ್ಡಿನ ಖಾತ್ರಿ ಸೆಕೆಂಡಿಗೆ 10 ಎಂಬಿ, ವಿ30ಯದು 30. 100 ಎಂಬಿಪಿಎಸ್‌ನ 4ಕೆ ವಿಡಿಯೋ ಸೆಕೆಂಡಿಗೆ 12.5 ಎಂಬಿ ಕೇಳುತ್ತದೆ. ಲೆಕ್ಕ ನೀವೇ ಹಾಕಿ. ತಾಳಿ ಕಟ್ಟುವಾಗಲೇ ರೆಕಾರ್ಡಿಂಗ್ ನಿಂತರೆ ಇನ್ನೊಮ್ಮೆ ಕಟ್ಟಿಸುತ್ತೀರಾ?

ಅರ್ಧ ಬೆಲೆಯ '512 ಜಿಬಿ' ನಕಲಿಯೊಳಗೆ 16 ಜಿಬಿಯೇ ಇರಬಹುದು. ಅದು ತುಂಬಿದ ಮೇಲೆ ತೆಗೆದದ್ದೆಲ್ಲ ಹಾಳು. ದೊಡ್ಡದೊಂದರ ಬದಲು ಬಿಲ್ ಸಮೇತ ಎರಡು 64 ಜಿಬಿ ವಿ30 ಕೊಳ್ಳಿ. ಒಂದು ಕೆಟ್ಟರೂ ಅರ್ಧ ಮದುವೆ ಉಳಿಯುತ್ತದೆ.