ಸೂಜಿಯ ನಂತರದ ಮಾತು

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿದ ವಾಚಕರಿಗೆ ಆ ಊರಿನ ಪರಿಚಯ ಹೇಳಬೇಕಾಗಿಲ್ಲ. 1874ರಲ್ಲಿ ಸಿಕಂದರಾಬಾದಿನ ಹಾದಿ ಬಂದು ಕೂಡಿಕೊಂಡಂದಿನಿಂದ ಅದು ಇಳಿಯುವವರ, ಹತ್ತುವವರ ಊರು. ಬೆಳಿಗ್ಗೆ ಅಲ್ಲಿ ಲಸಿಕೆ ಹಾಕಿಸಿಕೊಂಡು ಸಂಜೆಯ ಗಾಡಿಗೆ ಮುಂಬಯಿಗೆ ಹೊರಟ ಕೂಲಿಕಾರನಿಗೆ ಸೊಲ್ಲಾಪುರದಾಚೆ ಕೈಕಾಲು ಸೋತರೆ, ಆ ಸುದ್ದಿ ವಾಡಿಗೆ ಹಿಂದಿರುಗುವುದೆಂತು?

ಸುದ್ದಿ ತಲಪಿದರೆ ಏನಾಗುತ್ತದೆಂಬುದಕ್ಕೆ 1976ರ ಅಮೆರಿಕೆಯೇ ಸಾಕ್ಷಿ. ಫೋರ್ಟ್ ಡಿಕ್ಸ್ ಎಂಬ ಸೈನಿಕ ನೆಲೆಯಲ್ಲಿ ಹಂದಿಜ್ವರ ಕಾಣಿಸಿಕೊಂಡಿತೆಂದು ಆ ಸರ್ಕಾರ ಅಕ್ಟೋಬರಿನಲ್ಲಿ ಲಸಿಕೆಯ ಮಹಾಕಾರ್ಯವನ್ನು ಆರಂಭಿಸಿತು. 4 ಕೋಟಿಗೂ ಮಿಕ್ಕಿದ ಜನರಿಗೆ ಸೂಜಿಯಾಯಿತು. ಅಷ್ಟರಲ್ಲಿ ಕೈಕಾಲುಗಳ ಶಕ್ತಿಯುಡುಗುವ ಗಿಲ್ಲಾನ್-ಬಾರೇ ಎಂಬ ನರದೌರ್ಬಲ್ಯದ ವರದಿಗಳು ಒಂದೊಂದಾಗಿ ಬರತೊಡಗಿದವು. ಡಿಸೆಂಬರಿನಲ್ಲಿ ಕಾರ್ಯ ನಿಂತಿತು. ಲೆಕ್ಕ ಹಾಕಿದಾಗ ಹೆಚ್ಚುವರಿ ಅಪಾಯ ಸುಮಾರು ಲಕ್ಷಕ್ಕೆ ಒಬ್ಬರದು. ವಾಡಿಯಂಥ ಊರಿನಲ್ಲಿ ಒಬ್ಬ ವೈದ್ಯನಿಗೆ ಇಡೀ ಆಯುಷ್ಯದಲ್ಲಿ ಇಂಥದೊಂದು ಕಣ್ಣಿಗೆ ಬೀಳದಿರಬಹುದು. ನೂರಾರು ಊರುಗಳ ಒಂಟಿ ಸುದ್ದಿಗಳು ಒಂದೆಡೆ ಸೇರಿದರೆ ಮಾತ್ರ ಅದು ಗೋಚರಿಸುವುದು.

ಸೇರುವುದಕ್ಕೆ ತಡೆಯೇನು? ಮೊದಲನೆಯದು ನಮ್ಮ ಸಹನೆ. "ಹೋಗ್ಲಿ ಬಿಡ್ರಿ ಅಕ್ಕ, ಸೂಜಿ ಮಾಡಿಸಿಕೊಂಡ್ರ ಜ್ವರ ಬರೂದೇ" ಎಂಬ ಮಾತನ್ನು ಆ ಕಡೆಯ ಮನೆಗಳಲ್ಲಿ ಯಾರು ಕೇಳಿಲ್ಲ? ತೋಳು ನೋವು, ಒಂದೆರಡು ದಿನದ ಜ್ವರ, ಇವುಗಳ ಮಟ್ಟಿಗೆ ಆ ಮಾತು ಸರಿಯೇ. ಆದರೆ ವಾರದ ನಂತರ ಕಾಲು ಜೋಮು ಹಿಡಿದಾಗಲೂ ಅದೇ ಮಾತು ಬಾಯಿಗೆ ಬರುತ್ತದೆ. ಸೂಜಿ ಹಾಕಿದ ದಾದಿಗೆ ತಪ್ಪು ತನ್ನ ತಲೆಗೆ ಬಂದೀತೆಂಬ ಭಯ. ಮೇಲಿನವರಿಗೆ ಊರವರು ಬೆದರಿ ಲಸಿಕೆಯನ್ನೇ ಬಿಟ್ಟಾರೆಂಬ ಚಿಂತೆ. ಈ ಚಿಂತೆ ಸುಳ್ಳಲ್ಲ. ಆದರೂ ಮುಚ್ಚಿಟ್ಟ ಸಂಗತಿ ಸಂತೆಯಲ್ಲಿ ಇನ್ನೂ ದೊಡ್ಡದಾಗಿ ಬೆಳೆಯುತ್ತದೆಂಬುದನ್ನು ಅವರು ಮರೆಯುತ್ತಾರೆ.

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ಇದೇ ಕಲಬುರಗಿಯದು. 2021ರ ಜನವರಿ 16ರಂದು ಲಸಿಕೆ ಆರಂಭವಾದಾಗ, ಸೂಜಿಯ ನಂತರ ಅರ್ಧ ಗಂಟೆ ಕುರ್ಚಿಯಲ್ಲಿ ಕೂಡಿಸುತ್ತಿದ್ದರು. ಆ ಅರ್ಧ ಗಂಟೆಯನ್ನು ನೋಡಿಕೊಳ್ಳುವವರಿದ್ದರು. ಆಮೇಲಿನ ಅರ್ಧ ತಿಂಗಳನ್ನು ಮನೆಯವರೇ ನೋಡಿಕೊಳ್ಳಬೇಕಾಯಿತು. ಜನರೂ ಖಾಸಗಿ ವೈದ್ಯರೂ ತಾವೇ ದುಷ್ಪರಿಣಾಮವನ್ನು ತಿಳಿಸಲು ಅನುಕೂಲ ಮಾಡಿಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಅಪ್ಪಣೆ ಮಾಡಿದ್ದು 2022ರ ಮೇ 2ರಂದು. ಅಷ್ಟು ಹೊತ್ತಿಗೆ ಬಹುಪಾಲು ಸೂಜಿಗಳು ಮುಗಿದಿದ್ದವು!

ಔಷಧದ ದುಷ್ಪರಿಣಾಮವನ್ನು ರೋಗಿಯೇ ಬರೆದು ಕಳಿಸುವ ನಮೂನೆ ಕನ್ನಡದಲ್ಲಿಯೂ ಉಂಟು. 1800-180-3024 ಎಂಬ ಉಚಿತ ದೂರವಾಣಿಯೂ ಉಂಟು. ಲಸಿಕೆಯಿಂದಲೇ ಹೀಗಾಯಿತೆಂದು ರುಜುವಾತು ಮಾಡುವ ಹೊಣೆ ತಿಳಿಸುವವನದಲ್ಲ, ಸಂಶಯವಿದ್ದರೆ ಸಾಕು. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ ಇವು ಮೂರನ್ನು ಒಂದು ಚೀಟಿಯಲ್ಲಿ ಬರೆಸಿ ಕಿಸೆಯಲ್ಲಿಟ್ಟುಕೊಂಡಿದ್ದರೆ, ಸೊಲ್ಲಾಪುರದಲ್ಲಿ ಇಳಿದ ಆ ಕೂಲಿಕಾರನ ಪರವಾಗಿ ಅಲ್ಲಿಯ ವೈದ್ಯರೇ ಬರೆದು ಕಳಿಸಬಲ್ಲರು.